ಐಫೋನಾ, ಆಂಡ್ರಾಯ್ಡಾ? ಇದ್ದಲ್ಲೇ ಇರಬೇಕೋ ದಾಟಬೇಕೋ ತೀರ್ಮಾನಿಸಲು ಒಂದು ಸಮಗ್ರ ಮಾರ್ಗದರ್ಶಿ

ಫೋನ್ ಬದಲಿಸುವ ಯೋಚನೆ ಬಂದಾಗ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡುಬಿಡುತ್ತವೆ. ಹೊಸ ಫೋನ್ ಬೇಕಾ ಅನ್ನುವುದು ಒಂದು. ಆಂಡ್ರಾಯ್ಡ್ ಬಿಟ್ಟು ಐಫೋನಿಗೋ, ಐಫೋನ್ ಬಿಟ್ಟು ಆಂಡ್ರಾಯ್ಡ್‌ಗೋ ದಾಟಬೇಕಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ದುಡ್ಡಿದ್ದರೆ ಸಾಕು. ಎರಡನೆಯದಕ್ಕೆ ದುಡ್ಡಿನ ಜೊತೆ ಸಮಯ ಬೇಕು, ತಾಳ್ಮೆ ಬೇಕು. ಹಳೆಯ ಚಾಟ್, ಫೋಟೋ, ಪಾಸ್‌ವರ್ಡ್, ದುಡ್ಡು ಕೊಟ್ಟು ತಗೊಂಡ ಆ್ಯಪ್, ಕೈಗೆ ಕಟ್ಟಿದ ವಾಚ್ ಎಲ್ಲದರ ಗತಿ ಏನು ಅಂತಲೂ ಯೋಚಿಸಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಾಟಬೇಕು ಅಂತ ಹೊರಟವರಲ್ಲಿ ಬಹಳ ಜನರಿಗೆ ನಿಜವಾಗಿ ಬೇಕಿರುವುದು ಹೊಸ ಫೋನ್ ಅಷ್ಟೆ. ಉಳಿದವರಿಗೆ ದಾಟುವುದೇ ಸರಿ, ಆದರೆ ಅವರು ಡೇಟಾ ಕಳೆದುಹೋದೀತು ಅಂತ ಹೆದರಿ ವರ್ಷಗಟ್ಟಲೆ ಮುಂದೂಡುತ್ತಾರೆ. ನೀವು ಯಾವ ಗುಂಪಿನವರು ಅಂತ ಕಂಡುಕೊಳ್ಳಲು ಈ ಹಂತಗಳು.

ಆಯ್ಕೆ ಎರಡೇ ಯಾಕೆ ಅಂದರೆ, ಉಳಿದವು ಒಂದೊಂದಾಗಿ ಬಾಗಿಲು ಹಾಕಿದವು. ವಿಂಡೋಸ್ 10 ಮೊಬೈಲ್‌ಗೆ ಅಪ್‌ಡೇಟ್ ನಿಂತಿದ್ದು 2020ರ ಜನವರಿಯಲ್ಲಿ. ಬ್ಲ್ಯಾಕ್‌ಬೆರಿ ತನ್ನ ಹಳೆಯ ಫೋನುಗಳ ಸೇವೆಯನ್ನು 2022ರ ಜನವರಿ 4ಕ್ಕೆ ನಿಲ್ಲಿಸಿತು. ಹುವಾವೇ ಕಂಪನಿಯ ಹಾರ್ಮನಿ ಓಎಸ್ ಇದೆ, ಪಿಕ್ಸೆಲ್ ಫೋನಿಗೆ ಹಾಕಿಕೊಳ್ಳುವ ಗ್ರಾಫೀನ್ ಓಎಸ್ ಇದೆ. ಅವುಗಳ ಕಡೆ ಹೋಗುವವರು ಏನು ಮಾಡುತ್ತಿದ್ದೇವೆ ಅಂತ ಚೆನ್ನಾಗಿ ತಿಳಿದೇ ಹೋಗುತ್ತಾರೆ, ಅವರಿಗೆ ಈ ಬರಹ ಬೇಕಿಲ್ಲ.

ಹಂತ 1: ಕಾರಣವನ್ನು ಬರೆದಿಡಿ

"ಬೇಜಾರಾಗಿದೆ" ಅಂತ ಬರೆದರೆ ಉಪಯೋಗವಿಲ್ಲ. ಯಾವ ಕೆಲಸ ಮಾಡುವಾಗ ಏನು ತೊಂದರೆ ಆಯಿತು ಅಂತ ಬರೆಯಬೇಕು. ಒಂದು ವಾರ, ಫೋನ್ ಸಿಟ್ಟು ತರಿಸಿದಾಗಲೆಲ್ಲ ಒಂದು ಸಾಲು ಗೀಚಿಕೊಳ್ಳಿ. "ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ." "ಫೈಲ್ ಎಲ್ಲಿ ಸೇವ್ ಆಯಿತು ಗೊತ್ತಾಗಲಿಲ್ಲ." "ಜಾಗ ಇಲ್ಲ ಅಂತ ಮತ್ತೆ ಬಂತು." ಇಂಥವು.

ವಾರ ಮುಗಿದ ಮೇಲೆ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದೇ ಪ್ಲಾಟ್‌ಫಾರ್ಮ್‌ನ (ಅಂದರೆ ಐಫೋನ್ ಇದ್ದರೆ ಐಫೋನೇ, ಆಂಡ್ರಾಯ್ಡ್ ಇದ್ದರೆ ಆಂಡ್ರಾಯ್ಡೇ) ಬೇರೆ ಫೋನ್ ತಗೊಂಡರೆ ಇದು ಸರಿ ಹೋಗುತ್ತಾ? ಹೋಗುತ್ತೆ ಅಂತಾದರೆ ಆ ಸಾಲನ್ನು ಹೊಡೆದುಹಾಕಿ. ಅದು ದಾಟಲು ಕಾರಣವಾಗಲಾರದು.

ಮೊದಲು ಹೋಗುವ ಸಾಲು ಬ್ಯಾಟರಿಯದು. ಲಿಥಿಯಂ ಬ್ಯಾಟರಿ ಸವೆಯುವ ವಸ್ತು. ಆ್ಯಪಲ್ ಹೇಳುವ ಪ್ರಕಾರ ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವುಗಳ ಬ್ಯಾಟರಿ, ಎಲ್ಲ ಸರಿಯಾಗಿದ್ದರೆ, 500 ಪೂರ್ತಿ ಚಾರ್ಜ್‌ಗಳ ಹೊತ್ತಿಗೆ ಮೂಲ ಸಾಮರ್ಥ್ಯದ 80%ಗೆ ಇಳಿಯುತ್ತದೆ. ಐಫೋನ್ 15ರಿಂದ ಮುಂದಕ್ಕೆ ಆ ಲೆಕ್ಕ 1000. ಒಂದು ಪೂರ್ತಿ ಚಾರ್ಜ್ ಅಂದರೆ ಒಟ್ಟು 100% ಬಳಕೆ. ಇವತ್ತು 60%, ನಾಳೆ 40% ಖರ್ಚಾದರೂ ಅದು ಒಂದೇ ಲೆಕ್ಕಕ್ಕೆ. ದಿನಾ ಖಾಲಿ ಮಾಡುವವರಿಗೆ 500 ಅನ್ನುವುದು ಒಂದೂವರೆ ವರ್ಷವೂ ಆಗುವುದಿಲ್ಲ. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಐಫೋನ್ ಉಳಿದ ಸಾಮರ್ಥ್ಯದ ಈ ಶೇಕಡಾ ಅಂಕಿ ತೋರಿಸುತ್ತದೆ, ಹೊಸ ಆಂಡ್ರಾಯ್ಡ್ ಫೋನುಗಳಲ್ಲೂ ಹಲವು ತೋರಿಸುತ್ತವೆ. 80ರ ಆಸುಪಾಸಿಗೆ ಬಂದಿದ್ದರೆ ಹೊಸ ಬ್ಯಾಟರಿ ಹಾಕಿಸಿ ನೋಡಿ. ಎಷ್ಟೋ ಸಲ ಫೋನ್ ನಿಧಾನವಾಗಿದ್ದೂ ಅದರಿಂದಲೇ ಸರಿ ಹೋಗುತ್ತದೆ, ಯಾಕೆಂದರೆ ಸವೆದ ಬ್ಯಾಟರಿ ಇದ್ದಾಗ ಫೋನ್ ತಟ್ಟನೆ ಆಫ್ ಆಗದಿರಲಿ ಅಂತ ಐಫೋನ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಬಲ್ಲದು.

ಜಾಗದ ಕೊರತೆ, ಒಡೆದ ಸ್ಕ್ರೀನ್, ಕ್ಯಾಮೆರಾ ಸಾಲದು ಅನ್ನುವುದು, ಇವೂ ಫೋನಿನ ಸಮಸ್ಯೆಗಳೇ. ಕ್ಯಾಮೆರಾ ವಿಷಯದಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. ನಾಲ್ಕು ವರ್ಷ ಹಳೆಯ ಫೋನಿನ ಫೋಟೋವನ್ನು ಗೆಳೆಯರ ಹೊಸ ಫೋನಿನ ಫೋಟೋ ಜೊತೆ ಹೋಲಿಸಿ, ಗೆದ್ದಿದ್ದು ಪ್ಲಾಟ್‌ಫಾರ್ಮ್ ಅಂದುಕೊಳ್ಳುತ್ತಾರೆ. ಗೆದ್ದಿದ್ದು ನಾಲ್ಕು ವರ್ಷ.

ಹಾಗಾದರೆ ನಿಜವಾದ ಕಾರಣಗಳು ಯಾವುವು? ನಿಮ್ಮ ಕೆಲಸಕ್ಕೆ ಬೇಕಾದ ಆ್ಯಪ್ ಒಂದು ಕಡೆ ಮಾತ್ರ ಇದೆ. ಮಡಚುವ ಫೋನೋ, ಪೆನ್ ಇರುವ ಫೋನೋ ಬೇಕು. ಆ್ಯಪ್ ಅಂಗಡಿಯ (ಪ್ಲೇ ಸ್ಟೋರ್, ಆ್ಯಪ್ ಸ್ಟೋರ್) ಹೊರಗಿನ ಆ್ಯಪ್‌ಗಳನ್ನು ಹಾಕಿಕೊಳ್ಳುವ ಸ್ವಾತಂತ್ರ್ಯ ಬೇಕು. ಫೈರ್‌ಫಾಕ್ಸ್‌ನಂಥ ಬ್ರೌಸರ್ ತನ್ನ ಪೂರ್ತಿ ಎಕ್ಸ್‌ಟೆನ್ಷನ್‌ಗಳ ಜೊತೆ ಬೇಕು, ಅದು ಆಂಡ್ರಾಯ್ಡ್‌ನಲ್ಲಿ ಸಿಗುತ್ತದೆ. ಮನೆಯವರೆಲ್ಲ ಆ್ಯಪಲ್‌ನ ವಿಡಿಯೋ ಕರೆ, ಮೆಸೇಜ್ ಸೇವೆಗಳಾದ ಫೇಸ್‌ಟೈಮ್, ಐಮೆಸೇಜ್‌ನಲ್ಲೇ ಇದ್ದಾರೆ. ಕಂಪ್ಯೂಟರ್ ಮ್ಯಾಕ್, ದಿನವಿಡೀ ಅದಕ್ಕೂ ಫೋನಿಗೂ ಏನಾದರೂ ಸಾಗಿಸುತ್ತಿರುತ್ತೀರಿ. ಆ್ಯಪಲ್ ವಾಚ್ ಬೇಕೇ ಬೇಕು. ಇಂಥ ಒಂದಾದರೂ ಸಾಲು ಉಳಿದಿದ್ದರೆ ಮುಂದೆ ಓದಿ. ಎಲ್ಲವೂ ಹೊಡೆದುಹೋಗಿದ್ದರೆ ಸೀದಾ ಹಂತ 6ಕ್ಕೆ ಹೋಗಿ, ಅಲ್ಲಿ ಇದ್ದಲ್ಲೇ ಇರುವವರಿಗೆ ಎರಡು ಮಾತಿವೆ.

ಹಂತ 2: ಹಳೆಯ ನಂಬಿಕೆಗಳನ್ನು ಒರೆಗೆ ಹಚ್ಚಿ

ಈ ಎರಡು ಪ್ಲಾಟ್‌ಫಾರ್ಮ್‌ಗಳ ಬಗ್ಗೆ ಜನ ಆಡುವ ಮಾತುಗಳಲ್ಲಿ ಅರ್ಧದಷ್ಟು ಯಾವಾಗಲೋ ಹಳಸಿವೆ. ನಿಮ್ಮ ಪಟ್ಟಿಯಲ್ಲಿ ಅವು ನುಸುಳಿವೆಯಾ ನೋಡಿ.

"ಆಂಡ್ರಾಯ್ಡ್‌ಗೆ ಎರಡೇ ವರ್ಷ ಅಪ್‌ಡೇಟ್" ಅನ್ನುವುದು ಒಂದು. 2023ರ ಅಕ್ಟೋಬರ್‌ನಲ್ಲಿ ಬಂದ ಪಿಕ್ಸೆಲ್ 8ಕ್ಕೆ ಗೂಗಲ್, 2024ರ ಜನವರಿಯ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್, ಎರಡೂ 7 ವರ್ಷಗಳ ಅಪ್‌ಡೇಟ್ ಕೊಡುವುದಾಗಿ ಹೇಳಿವೆ. ಐಫೋನಿನಲ್ಲಿ 2018ರ ಎಕ್ಸ್‌ಆರ್ ಮಾದರಿಗೆ 2024ರ ಐಓಎಸ್ 18 (ಐಓಎಸ್ ಅಂದರೆ ಐಫೋನಿನ ತಂತ್ರಾಂಶ) ಕೂಡ ಸಿಕ್ಕಿತು. ಅಂದರೆ ಮೇಲಿನ ದರ್ಜೆಯಲ್ಲಿ ಇಬ್ಬರೂ ಹತ್ತಿರ ಹತ್ತಿರ. ಅಗ್ಗದ ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಇದು ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆ. ಕೊಳ್ಳುವ ಮುಂಚೆ ಆ ಮಾದರಿಗೆ ಸೆಕ್ಯೂರಿಟಿ ಅಪ್‌ಡೇಟ್ ಯಾವ ವರ್ಷದ ತನಕ ಅಂತ ಕಂಪನಿಯ ಸೈಟ್‌ನಲ್ಲೇ ನೋಡಿಕೊಳ್ಳಿ. ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ, ನೀವು ಕೊಂಡ ದಿನದಿಂದಲ್ಲ. ರಿಯಾಯಿತಿ ಬೆಲೆಗೆ ಸಿಗುವ ಎರಡು ವರ್ಷ ಹಳೆಯ ಮಾದರಿಯಲ್ಲಿ ಎರಡು ವರ್ಷ ಆಗಲೇ ಮುಗಿದಿರುತ್ತದೆ.

ಚಾರ್ಜರ್ ಬೇರೆ ಅನ್ನುವ ಮಾತೂ ಹೋಯಿತು. 2023ರ ಐಫೋನ್ 15ರಿಂದ ಅಲ್ಲೂ ಯುಎಸ್‌ಬಿ-ಸಿ. ಐಫೋನಿನ ಹೋಮ್ ಸ್ಕ್ರೀನ್ ಮೇಲೆ ವಿಜೆಟ್ ಹಾಕಲು, ಬೇರೆ ಬ್ರೌಸರನ್ನು ಡಿಫಾಲ್ಟ್ ಮಾಡಿಕೊಳ್ಳಲು 2020ರಿಂದ ಆಗುತ್ತಿದೆ. ಐಕಾನುಗಳನ್ನು ಬೇಕಾದ ಜಾಗದಲ್ಲಿ ಇಡುವುದು 2024ರಲ್ಲಿ ಬಂತು. ಎಸ್‌ಎಂಎಸ್‌ನ ಮುಂದಿನ ರೂಪವಾದ ಆರ್‌ಸಿಎಸ್ ಮೆಸೇಜ್ ಕೂಡ ಅದೇ ವರ್ಷ ಐಫೋನಿಗೆ ಬಂದಿದ್ದರಿಂದ, ಮೊಬೈಲ್ ಕಂಪನಿ ಅದನ್ನು ಒದಗಿಸಿರುವ ಕಡೆ ಎರಡೂ ಕಡೆಯವರ ನಡುವೆ ಫೋಟೋಗಳು ಮಸುಕಾಗದೆ ಹೋಗುತ್ತವೆ. ಫೇಸ್‌ಟೈಮ್ ಕರೆಗೆ ಲಿಂಕ್ ಕಳಿಸಿದರೆ ಆಂಡ್ರಾಯ್ಡ್‌ನವರು 2021ರಿಂದಲೂ ಬ್ರೌಸರ್‌ನಲ್ಲಿ ಸೇರಬಹುದು. ಕರೆಯನ್ನು ಶುರು ಮಾಡುವವರು ಮಾತ್ರ ಆ್ಯಪಲ್ ಕಡೆಯವರೇ ಆಗಿರಬೇಕು.

ಪ್ರೈವಸಿ ವಿಷಯ ಇಷ್ಟು ಸರಳವಾಗಿಲ್ಲ. ಬೇರೆ ಆ್ಯಪ್‌ಗಳು ನಿಮ್ಮ ಜಾಡು ಹಿಡಿಯಬಹುದಾ ಅಂತ ಕೇಳುವ ವ್ಯವಸ್ಥೆಯನ್ನು ಆ್ಯಪಲ್ 2021ರಲ್ಲಿ ತಂದಿತು. ಗೂಗಲ್‌ನ ವರಮಾನದಲ್ಲಿ ದೊಡ್ಡ ಪಾಲು ಜಾಹೀರಾತಿನದು, ಅದೂ ನಿಜ. ಆದರೆ ಐಫೋನ್ ತಗೊಂಡು ಅದರಲ್ಲಿ ಜಿಮೇಲ್, ಗೂಗಲ್ ಮ್ಯಾಪ್ಸ್, ಕ್ರೋಮ್, ಫೇಸ್‌ಬುಕ್ ಎಲ್ಲ ಮೊದಲಿನ ಹಾಗೇ ಬಳಸುತ್ತಾ ಹೋದರೆ ನಿಮ್ಮ ಬಗ್ಗೆ ಅವರಿಗೆ ತಿಳಿಯುವುದರಲ್ಲಿ ಹೆಚ್ಚು ಕಡಿಮೆಯಾಗುವುದಿಲ್ಲ. ಪ್ರೈವಸಿಗಾಗಿ ದಾಟುವವರು ಆ್ಯಪ್‌ಗಳನ್ನೂ ಬದಲಿಸಲು ತಯಾರಿರಬೇಕು.

ಹಂತ 3: ಗಂಟುಗಳನ್ನು ಎಣಿಸಿ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಈಗಿರುವ ಪ್ಲಾಟ್‌ಫಾರ್ಮ್‌ಗೆ ನಿಮ್ಮನ್ನು ಕಟ್ಟಿಹಾಕಿರುವ ಗಂಟುಗಳು ಯಾವುವು, ಯಾವುದು ಸುಲಭವಾಗಿ ಬಿಚ್ಚುತ್ತದೆ, ಯಾವುದನ್ನು ಕತ್ತರಿಸಿಯೇ ಹೋಗಬೇಕು ಅಂತ ನೋಡಬೇಕು.

ಸಂಪರ್ಕ ಸಂಖ್ಯೆಗಳು, ಕ್ಯಾಲೆಂಡರ್, ಇಮೇಲ್: ಇವುಗಳ ಚಿಂತೆ ಬಿಡಿ. ಗೂಗಲ್ ಖಾತೆಯಲ್ಲಿದ್ದರೆ ಎರಡೂ ಕಡೆ ತಾವಾಗಿ ಬರುತ್ತವೆ. ಆ್ಯಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್‌ನಲ್ಲಿದ್ದರೆ ಒಂದು ಫೈಲ್ ಆಗಿ ಇಳಿಸಿಕೊಂಡು ಆ ಕಡೆ ಏರಿಸಬಹುದು.

ವಾಟ್ಸ್‌ಆ್ಯಪ್ ಹಾಗಲ್ಲ. ಆಂಡ್ರಾಯ್ಡ್‌ನಲ್ಲಿ ಅದರ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತದೆ, ಐಫೋನಿನಲ್ಲಿ ಐಕ್ಲೌಡ್‌ಗೆ. ಒಂದರ ಬ್ಯಾಕಪ್ ಇನ್ನೊಂದಕ್ಕೆ ಓದಲು ಬರುವುದಿಲ್ಲ. "ಬ್ಯಾಕಪ್ ಇದೆಯಲ್ಲ, ಹೊಸ ಫೋನಿನಲ್ಲಿ ಲಾಗಿನ್ ಆದರೆ ಎಲ್ಲ ಬರುತ್ತೆ" ಅಂದುಕೊಂಡು ಹಳೆಯ ಫೋನನ್ನು ಅಳಿಸಿ ಮಾರಿದವರು ವರ್ಷಗಳ ಮಾತುಕತೆ ಕಳೆದುಕೊಂಡಿದ್ದಾರೆ. ದಾಟಿಸುವ ದಾರಿ ಇದೆ, ಅದಕ್ಕೆ ಎರಡೂ ಫೋನ್ ಕೈಯಲ್ಲಿರಬೇಕು. ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವಾಗ 'ಮೂವ್ ಟು ಐಓಎಸ್' ಆ್ಯಪ್ ಮೂಲಕ ಚಾಟ್ ಸಾಗುತ್ತದೆ, ಈ ಅನುಕೂಲ 2022ರಿಂದ ಇದೆ. ಐಫೋನಿನಿಂದ ಆಂಡ್ರಾಯ್ಡ್‌ಗೆ ಹೋಗುವಾಗ ಎರಡೂ ಫೋನುಗಳನ್ನು ಕೇಬಲ್‌ನಿಂದ ಜೋಡಿಸಿ ಮಾಡಬೇಕು. ಎರಡು ದಿಕ್ಕಿಗೂ ಎರಡು ಷರತ್ತು: ಫೋನ್ ನಂಬರ್ ಅದೇ ಇರಬೇಕು, ಸೇರಬೇಕಾದ ಫೋನ್ ಹೊಸದಾಗಿರಬೇಕು ಅಥವಾ ಪೂರ್ತಿ ರೀಸೆಟ್ ಆಗಿರಬೇಕು. ಚಾಟ್, ಫೋಟೋ, ಗುಂಪುಗಳು ಬರುತ್ತವೆ. ಕರೆಗಳ ಪಟ್ಟಿ ಬರುವುದಿಲ್ಲ, ಅದು ಹೋದರೆ ಹೋಗಲಿ ಬಿಡಿ.

ಫೋಟೋಗಳಿಗೆ ಮೊದಲು ಇದ್ದಷ್ಟು ಕಷ್ಟ ಈಗಿಲ್ಲ. ಆ್ಯಪಲ್‌ನ ಡೇಟಾ ಮತ್ತು ಪ್ರೈವಸಿ ಪುಟದಿಂದ ಐಕ್ಲೌಡ್ ಫೋಟೋಗಳನ್ನು ಸೀದಾ ಗೂಗಲ್ ಫೋಟೋಸ್‌ಗೆ ಕಳಿಸಬಹುದು, 2021ರಿಂದ. ಗೂಗಲ್ ಫೋಟೋಸ್‌ನಿಂದ ಐಕ್ಲೌಡ್‌ಗೆ ಡೇಟಾ ಹೊರತೆಗೆಯುವ ಗೂಗಲ್ ಟೇಕ್‌ಔಟ್ ಪುಟದ ಮೂಲಕ ಕಳಿಸಬಹುದು, 2024ರಿಂದ. ಎರಡೂ ಸರ್ವರ್‌ನಿಂದ ಸರ್ವರ್‌ಗೆ ನಡೆಯುವ ಕೆಲಸ. ನಿಮ್ಮ ಇಂಟರ್ನೆಟ್ ಖರ್ಚಾಗುವುದಿಲ್ಲ, ಆದರೆ ಕೆಲವು ದಿನ ಹಿಡಿಯಬಹುದು. ಆಗುವುದು ನಕಲು ಮಾತ್ರ, ಮೂಲ ಅಲ್ಲೇ ಇರುತ್ತದೆ. ಸಿಕ್ಕಿಹಾಕಿಕೊಳ್ಳುವುದು ಜಾಗದಲ್ಲಿ. ಗೂಗಲ್ ಖಾತೆಯಲ್ಲಿ ಬಿಟ್ಟಿ ಸಿಗುವುದು 15 ಜಿಬಿ, ಐಕ್ಲೌಡ್‌ನಲ್ಲಿ 5 ಜಿಬಿ. ಆ ಕಡೆ ಜಾಗ ಸಾಲದಿದ್ದರೆ ಸಾಗಣೆ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ದಾಟುವ ಒಂದೆರಡು ತಿಂಗಳು ಎರಡೂ ಕಡೆ ಜಾಗಕ್ಕೆ ದುಡ್ಡು ಕಟ್ಟಬೇಕಾಗಬಹುದು. ಬೇರೆಯವರ ಜೊತೆ ಹಂಚಿಕೊಂಡ ಆಲ್ಬಮ್‌ಗಳು ಹೀಗೆ ಸಾಗುವುದಿಲ್ಲ, ಅವನ್ನು ಕೈಯಾರೆ ಇಳಿಸಿಕೊಳ್ಳಬೇಕು.

ಕೊಂಡ ಆ್ಯಪ್‌ಗಳು ದಾಟುವುದೇ ಇಲ್ಲ. ಒಂದು ಅಂಗಡಿಯಲ್ಲಿ ಒಮ್ಮೆ ದುಡ್ಡು ಕೊಟ್ಟು ತಗೊಂಡದ್ದು ಇನ್ನೊಂದು ಅಂಗಡಿಯಲ್ಲಿ ನಿಮ್ಮದಲ್ಲ. ಚಂದಾ ಕಟ್ಟುವ ಸೇವೆಗಳ ಕಥೆ ಬೇರೆ. ಅದು ಆ ಸೇವೆಯ ಖಾತೆಗೆ ಅಂಟಿಕೊಂಡಿರುವುದರಿಂದ ಹೊಸ ಫೋನಿನಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಬಿಲ್ ಹಳೆಯ ಅಂಗಡಿಯ ಮೂಲಕವೇ ಹೋಗುತ್ತಿರುತ್ತದೆ. ಹಳೆಯ ಫೋನ್ ಕೈಬಿಟ್ಟ ಮೇಲೆ ಅದನ್ನು ರದ್ದು ಮಾಡಲು ಪರದಾಡುವ ಬದಲು, ಈಗಲೇ ಚಂದಾ ಪಟ್ಟಿ ತೆರೆದು ಒಂದೊಂದನ್ನೇ ನಿಲ್ಲಿಸಿ. ಅವಧಿ ಮುಗಿದ ಮೇಲೆ ಆ ಸೇವೆಯ ವೆಬ್‌ಸೈಟ್‌ನಲ್ಲೇ ಮತ್ತೆ ಶುರು ಮಾಡಿ. ಹಾಗೆ ಮಾಡಿದರೆ ಮುಂದೆ ಯಾವ ಕಡೆ ಹೋದರೂ ಚಂದಾ ನಿಮ್ಮ ಜೊತೆ ಬರುತ್ತದೆ.

ಕತ್ತರಿಸಿಯೇ ಹೋಗಬೇಕಾದ ಗಂಟು ವಾಚ್‌ನದು. ಆ್ಯಪಲ್ ವಾಚ್ ಆಂಡ್ರಾಯ್ಡ್ ಜೊತೆ ಕೂಡುವುದಿಲ್ಲ. ಗ್ಯಾಲಕ್ಸಿ ವಾಚ್ 4ರಿಂದ ಈಚಿನವು ಮತ್ತು ಪಿಕ್ಸೆಲ್ ವಾಚ್ ಐಫೋನ್ ಜೊತೆ ಕೂಡುವುದಿಲ್ಲ. ಗಾರ್ಮಿನ್, ಫಿಟ್‌ಬಿಟ್ ಕೈಪಟ್ಟಿಗಳು ಎರಡೂ ಕಡೆ ನಡೆಯುತ್ತವೆ. ಏರ್‌ಪಾಡ್ಸ್ ಆಂಡ್ರಾಯ್ಡ್‌ನಲ್ಲಿ ಸಾದಾ ಬ್ಲೂಟೂತ್ ಇಯರ್‌ಫೋನ್ ಆಗಿ ಕೆಲಸ ಮಾಡುತ್ತವೆ. ಕಳೆದ ವಸ್ತು ಹುಡುಕಲು ಕಟ್ಟುವ ಏರ್‌ಟ್ಯಾಗ್‌ಗೆ ಐಫೋನ್ ಅಥವಾ ಐಪ್ಯಾಡ್ ಬೇಕೇ ಬೇಕು. ಕೈಗೆ ಆ್ಯಪಲ್ ವಾಚ್ ಇದ್ದು, ವರ್ಷಗಳ ಆರೋಗ್ಯದ ದಾಖಲೆ ಅದರಲ್ಲಿ ಕೂತಿದ್ದರೆ, ನನ್ನ ಪ್ರಕಾರ ಬೇರೆ ಕಾರಣಗಳು ತುಂಬಾ ಗಟ್ಟಿ ಇರಬೇಕು. ಆ ದಾಖಲೆಯನ್ನು ಫೈಲ್ ಆಗಿ ಹೊರತೆಗೆಯಬಹುದು ನಿಜ, ಆದರೆ ಆಂಡ್ರಾಯ್ಡ್‌ನಲ್ಲಿ ಅದನ್ನು ನೇರವಾಗಿ ತೆರೆದು ಮುಂದುವರಿಸುವ ಸುಲಭ ದಾರಿ ಇಲ್ಲ.

ಪಾಸ್‌ವರ್ಡ್‌ಗಳು ಎಲ್ಲಿವೆ ಅಂತ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ, ಫೋನ್ ತಾನೇ ತುಂಬುತ್ತಿರುತ್ತದಲ್ಲ. ಆ್ಯಪಲ್‌ನ ಪಾಸ್‌ವರ್ಡ್ಸ್ ಆ್ಯಪ್ ಆಂಡ್ರಾಯ್ಡ್‌ನಲ್ಲಿ ಇಲ್ಲ. ಗೂಗಲ್‌ನದು ಕ್ರೋಮ್ ಮೂಲಕ ಐಫೋನಿನಲ್ಲೂ ನಡೆಯುತ್ತದೆ. ಬಿಟ್‌ವಾರ್ಡನ್‌ನಂಥ ಸ್ವತಂತ್ರ ಪಾಸ್‌ವರ್ಡ್ ಮ್ಯಾನೇಜರ್‌ಗೆ ಈಗಲೇ ಹೋಗುವುದು ಒಳ್ಳೆಯದು. ಪಾಸ್‌ವರ್ಡ್ ಬದಲು ಪಾಸ್‌ಕೀ (ಬೆರಳಚ್ಚು ಅಥವಾ ಮುಖ ತೋರಿಸಿ ಒಳಹೋಗುವ ಡಿಜಿಟಲ್ ಕೀಲಿ) ಬಳಸುತ್ತಿದ್ದರೆ ಎಚ್ಚರ. ಆ್ಯಪಲ್ ಅಥವಾ ಗೂಗಲ್ ಖಾತೆಯಲ್ಲಿ ಕೂತಿರುವ ಪಾಸ್‌ಕೀ ಆಚೆ ಕಡೆಗೆ ತಾನಾಗಿ ಬರುತ್ತದೆ ಅಂತ ನಂಬಬೇಡಿ. ಅಂಥ ಪ್ರತಿ ಸೈಟ್‌ಗೂ ಒಳಹೋಗುವ ಇನ್ನೊಂದು ದಾರಿ ಇದೆಯಾ ನೋಡಿ, ಹೊಸ ಫೋನ್ ಬಂದ ಮೇಲೆ ಅಲ್ಲಿ ಹೊಸದೊಂದು ಪಾಸ್‌ಕೀ ಮಾಡಿಕೊಳ್ಳಿ.

ಕೊನೆಯ ಗಂಟು ಜನ. ಮಗುವಿನ ಫೋನನ್ನು ನೀವು ನಿಯಂತ್ರಿಸುತ್ತೀರಾ? ಗೂಗಲ್‌ನ ಫ್ಯಾಮಿಲಿ ಲಿಂಕ್ ಅನ್ನು ತಂದೆ ತಾಯಿ ಐಫೋನಿನಿಂದಲೂ ನಡೆಸಬಹುದು. ಆ್ಯಪಲ್‌ನ ಸ್ಕ್ರೀನ್ ಟೈಮ್ ಅನ್ನು ಆಂಡ್ರಾಯ್ಡ್‌ನಿಂದ ನಡೆಸಲು ಆಗದು. ಮನೆಯವರು ಎಲ್ಲಿದ್ದಾರೆ ಅಂತ ನೋಡಲು 'ಫೈಂಡ್ ಮೈ' ಬಳಸುತ್ತಿದ್ದರೆ ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಹಂಚಿಕೆಗೆ ಎಲ್ಲರನ್ನೂ ಒಪ್ಪಿಸಬೇಕಾಗುತ್ತದೆ. ಒಬ್ಬರು ದಾಟಿದರೆ ಮನೆಯಲ್ಲಿ ನಾಲ್ವರು ಅಭ್ಯಾಸ ಬದಲಿಸಬೇಕಾಗಿ ಬರುವುದು ಇಂಥ ಕಡೆಯೇ. ಅವರನ್ನೂ ಒಮ್ಮೆ ಕೇಳಿ.

ಹಂತ 4: ಖರ್ಚಿನ ನಿಜವಾದ ಲೆಕ್ಕ

ಫೋನಿನ ಬೆಲೆ ಒಂದನ್ನೇ ನೋಡಬೇಡಿ. ಹೊಸ ಫೋನಿನ ಬೆಲೆಗೆ ಮತ್ತೆ ಕೊಳ್ಳಬೇಕಾದ ವಾಚ್, ಆ್ಯಪ್, ಕೇಸ್, ಕೇಬಲ್, ಜಾಗದ ಚಂದಾ ಸೇರಿಸಿ. ಈಗಿನ ಫೋನ್ ಮಾರಿದರೆ ಬರುವುದನ್ನು ಕಳೆಯಿರಿ. ಹೊಸದನ್ನು ಮುಂದೆ ಮಾರುವಾಗ ಸಿಗಬಹುದಾದ್ದನ್ನೂ ಅಂದಾಜು ಮಾಡಿ ಕಳೆಯಿರಿ. ಉಳಿದದ್ದನ್ನು ನೀವು ಅದನ್ನು ಬಳಸುವ ವರ್ಷಗಳಿಂದ ಭಾಗಿಸಿ. ಐಫೋನುಗಳಿಗೆ ಸೆಕೆಂಡ್ ಹ್ಯಾಂಡ್ ಬೆಲೆ ಸಾಮಾನ್ಯವಾಗಿ ಚೆನ್ನಾಗಿ ನಿಲ್ಲುತ್ತದೆ. ಆಂಡ್ರಾಯ್ಡ್‌ನಲ್ಲಿ ಕಡಿಮೆ ಬೆಲೆಯಲ್ಲೇ ಒಳ್ಳೆಯ ಫೋನುಗಳು ಸಿಗುತ್ತವೆ. ಯಾವುದು ಅಗ್ಗ ಅನ್ನುವುದು ನೀವು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಎರಡು ವರ್ಷಕ್ಕೊಮ್ಮೆ ಬದಲಿಸುವವರ ಲೆಕ್ಕ, ಆರು ವರ್ಷ ಎಳೆಯುವವರ ಲೆಕ್ಕ ಒಂದೇ ಆಗುವುದಿಲ್ಲ.

ಹಂತ 5: ದಾಟುವ ಮುಂಚೆ ಬಳಸಿ ನೋಡಿ

ಅಂಗಡಿಯಲ್ಲಿ ನಿಂತು ಐದು ನಿಮಿಷ ಕೈಯಾಡಿಸಿದರೆ ಸ್ಕ್ರೀನ್ ಚೆನ್ನಾಗಿದೆ ಅನ್ನುವುದು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ದಾರಿಗಳಿವೆ.

ಮೊದಲು ಈಗಿನ ಫೋನಿನಲ್ಲೇ ಆಚೆ ಕಡೆಯ ಆ್ಯಪ್‌ಗಳಿಗೆ ಹೊಂದಿಕೊಳ್ಳಿ. ಐಫೋನಿನವರು ಗೂಗಲ್ ಫೋಟೋಸ್, ಗೂಗಲ್ ಕ್ಯಾಲೆಂಡರ್, ಕ್ರೋಮ್, ಗೂಗಲ್ ಕೀಪ್ ಹಾಕಿಕೊಂಡು ಎರಡು ವಾರ ಅವನ್ನೇ ಬಳಸಿ. ಇಷ್ಟಕ್ಕೇ ಕಿರಿಕಿರಿಯಾದರೆ ಅರ್ಥವಾಯಿತಲ್ಲ. ಆಂಡ್ರಾಯ್ಡ್‌ನವರಿಗೆ ಈ ಅನುಕೂಲ ಕಡಿಮೆ, ಆ್ಯಪಲ್‌ನ ಆ್ಯಪ್‌ಗಳಲ್ಲಿ ಮ್ಯೂಸಿಕ್, ಟಿವಿಯಂಥ ಕೆಲವು ಬಿಟ್ಟರೆ ಉಳಿದವು ಈ ಕಡೆ ಬಂದಿಲ್ಲ.

ಆಮೇಲೆ ಮನೆಯಲ್ಲೋ ಗೆಳೆಯರ ಬಳಿಯೋ ಮೂಲೆ ಸೇರಿದ, ಆಚೆ ಕಡೆಯ ಹಳೆಯ ಫೋನ್ ಇದ್ದರೆ ಒಂದೆರಡು ವಾರಕ್ಕೆ ಕೇಳಿ ತನ್ನಿ. ವಾಟ್ಸ್‌ಆ್ಯಪ್ ಅನ್ನು 2023ರಿಂದ ಎರಡನೇ ಫೋನಿಗೂ ಲಿಂಕ್ ಮಾಡಬಹುದು. ಕೇಳಿ ತಂದ ಫೋನಿನಲ್ಲಿ ಹೊಸದಾಗಿ ತೆರೆದು, ಲಿಂಕ್ ಮಾಡುವ ಆಯ್ಕೆ ಒತ್ತಿ, ನಿಮ್ಮ ಈಗಿನ ಫೋನಿನಿಂದ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಒಂದೇ ನಂಬರ್ ಎರಡರಲ್ಲೂ ನಡೆಯುತ್ತದೆ. ಸಿಮ್ ಈಗಿನ ಫೋನಿನಲ್ಲೇ ಇರಲಿ. ಬ್ಯಾಂಕ್ ಆ್ಯಪ್‌ಗಳನ್ನು ಮಾತ್ರ ಪರೀಕ್ಷೆಗೆ ಅಂತ ತಂದ ಫೋನಿನಲ್ಲಿ ಹಾಕಬೇಡಿ. ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಒಂದೇ ಫೋನಿಗೆ ಕಟ್ಟಿಕೊಳ್ಳುತ್ತವೆ, ಹಿಂದೆ ಮುಂದೆ ಓಡಾಡಿದರೆ ಸುಮ್ನೆ ತಲೆನೋವು.

ಏನು ಗಮನಿಸಬೇಕು? ಟೈಪಿಂಗ್ ಮೊದಲು. ಕನ್ನಡ ಕೀಬೋರ್ಡ್ ಎರಡೂ ಕಡೆ ಇದೆ, ಜಿಬೋರ್ಡ್ ಕೂಡ ಎರಡಕ್ಕೂ ಸಿಗುತ್ತದೆ, ಆದರೆ ಬೆರಳಿಗೆ ಒಗ್ಗುವುದು ಬೇರೆ ವಿಷಯ. ಆಮೇಲೆ ಹಿಂದಕ್ಕೆ ಹೋಗುವ ರೀತಿ. ಆಂಡ್ರಾಯ್ಡ್‌ನಲ್ಲಿ ಸ್ಕ್ರೀನಿನ ಎಡ, ಬಲ ಯಾವ ಅಂಚಿನಿಂದ ಎಳೆದರೂ ಎಲ್ಲ ಆ್ಯಪ್‌ಗಳಲ್ಲೂ ಹಿಂದಕ್ಕೆ ಹೋಗುತ್ತದೆ. ಐಫೋನಿನಲ್ಲಿ ಮುಖ್ಯವಾಗಿ ಎಡ ಅಂಚು, ಅದೂ ಆ್ಯಪ್ ಒಪ್ಪಿದರೆ. ದಿನಕ್ಕೆ ನೂರಾರು ಸಲ ಮಾಡುವ ಕೆಲಸ ಇದು. ನೋಟಿಫಿಕೇಶನ್ ಇನ್ನೊಂದು. ಆಂಡ್ರಾಯ್ಡ್‌ನಲ್ಲಿ ಒಂದೇ ಆ್ಯಪ್‌ನ ಆರ್ಡರ್ ಸುದ್ದಿ ಬರಲಿ, ಆಫರ್ ಸುದ್ದಿ ಬೇಡ ಅಂತ ವಿಂಗಡಿಸುವ ಸೌಲಭ್ಯ 2017ರಿಂದ ಇದೆ. ಐಫೋನಿನಲ್ಲಿ ಫೋಕಸ್ ಅನ್ನುವುದರ ಮೂಲಕ ಹೊತ್ತು ನೋಡಿ ಬಾಯಿ ಮುಚ್ಚಿಸಬಹುದು.

ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಈ ಹಂತವನ್ನು ಬಿಡಲೇಬಾರದು. ಐಫೋನಿನ ವಾಯ್ಸ್‌ಓವರ್, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಎರಡರ ಬೆರಳ ಸನ್ನೆಗಳೂ ಬೇರೆ. ಕಣ್ಣಿಂದ ನೋಡಿ ಬಳಸುವವರಿಗೆ ವಾರದಲ್ಲಿ ರೂಢಿಯಾಗುವುದು ಇಲ್ಲಿ ತಿಂಗಳುಗಳ ಕೆಲಸವಾಗಬಹುದು.

ಹೊಸ ಚಪ್ಪಲಿ ಮೊದಲ ಕೆಲವು ದಿನ ಎಲ್ಲರಿಗೂ ಕಚ್ಚುತ್ತದೆ, ಆದ್ದರಿಂದ ಮೊದಲ ಮೂರು ನಾಲ್ಕು ದಿನಗಳ ಸಿಟ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೇ ವಾರದಲ್ಲೂ ಕಚ್ಚುತ್ತಿರುವುದನ್ನು ಬರೆದುಕೊಳ್ಳಿ.

ಹಂತ 6: ತೀರ್ಮಾನ

ಈಗ ಕೈಯಲ್ಲಿ ಮೂರು ಪಟ್ಟಿ ಇವೆ: ಹೊಡೆದುಹಾಕದೆ ಉಳಿದ ಕಾರಣಗಳು, ಕತ್ತರಿಸಬೇಕಾದ ಗಂಟುಗಳು, ಎರಡನೇ ವಾರದ ಕಿರಿಕಿರಿಗಳು. ಅಂಕ ಕೊಟ್ಟು ಕೂಡಿಸುವ ಗೋಜಿಗೆ ನಾನು ಹೋಗುವುದಿಲ್ಲ. ಅಂಕಗಳು ನಮಗೆ ಬೇಕಾದ ಉತ್ತರವನ್ನೇ ಹೇಳುವ ಹಾಗೆ ನಾವೇ ತಿದ್ದಿಕೊಳ್ಳುತ್ತೇವೆ, ಅಲ್ವಾ? ಉಳಿದ ಕಾರಣಗಳಲ್ಲಿ ಒಂದಾದರೂ ದಿನಾ ಎದುರಾಗುವಂಥದ್ದು ಇದೆಯಾ ಅಂತ ನೋಡುತ್ತೇನೆ. ಇದ್ದರೆ, ಕತ್ತರಿಸಬೇಕಾದ ಗಂಟುಗಳ ನಷ್ಟ ತಡೆದುಕೊಳ್ಳುವಂತಿದ್ದರೆ, ದಾಟಿ. ತಿಂಗಳಿಗೊಮ್ಮೆ ಕಾಡುವ ತೊಂದರೆಗೆ ದಿನದಿನದ ಅಭ್ಯಾಸವನ್ನೆಲ್ಲ ಬದಲಿಸುವುದು ನಷ್ಟದ ವ್ಯಾಪಾರ. ಇನ್ನೂ ಅನುಮಾನ ಇದ್ದರೆ ಇದ್ದಲ್ಲೇ ಇರಿ. ಈ ವರ್ಷ ಉಳಿದರೆ ಮುಂದಿನ ವರ್ಷ ದಾಟಬಹುದು. ದಾಟಿ ವಾಪಸ್ ಬರುವುದಕ್ಕೆ ಎರಡು ಸಲದ ಖರ್ಚು.

ವಯಸ್ಸಾದವರಿಗೆ ಫೋನ್ ಆರಿಸುತ್ತಿದ್ದರೆ ನನ್ನ ಸಲಹೆ ಬೇರೆ. ಅವರಿಗೆ ತೊಡಕಾದಾಗ ಹೇಳಿಕೊಡುವವರು ಯಾವುದನ್ನು ಬಳಸುತ್ತಾರೋ ಅದೇ ಇರಲಿ. ಉಳಿದ ಹೋಲಿಕೆಗಳೆಲ್ಲ ಇದರ ಮುಂದೆ ಸಣ್ಣವು.

ಉಳಿಯುವ ತೀರ್ಮಾನಕ್ಕೆ ಬಂದವರು ಅಲ್ಲಿಗೇ ಕೈ ತೊಳೆದುಕೊಳ್ಳಬೇಡಿ. ಬ್ಯಾಟರಿ ಬದಲಿಸಿ, ಬೇಡದ ನೋಟಿಫಿಕೇಶನ್ ನಿಲ್ಲಿಸಿ, ಜಾಗ ಖಾಲಿ ಮಾಡಿ. ಪಾಸ್‌ವರ್ಡ್, ಚಂದಾ, ನೋಟ್ಸ್ ಇವನ್ನು ಎರಡೂ ಕಡೆ ನಡೆಯುವ ಸೇವೆಗಳಿಗೆ ನಿಧಾನವಾಗಿ ಸರಿಸಿ. ಫೋನ್ ತಟ್ಟನೆ ಕೆಟ್ಟು ಕೈಗೆ ಸಿಕ್ಕಿದ್ದನ್ನು ಕೊಳ್ಳಬೇಕಾಗಿ ಬಂದರೆ ಆ ಕೆಲಸ ನಿಮ್ಮನ್ನು ಕಾಪಾಡುತ್ತದೆ.

ಹಂತ 7: ದಾಟುವ ದಿನ

ಕ್ರಮ ಮುಖ್ಯ. ಬಿಡುವಿರುವ ದಿನ ಶುರು ಮಾಡಿ. ಎರಡೂ ಫೋನುಗಳನ್ನು ಚಾರ್ಜಿಗೆ ಹಾಕಿ, ಒಂದೇ ವೈಫೈಗೆ ಜೋಡಿಸಿ.

ಮೊದಲು ಹಳೆಯ ಫೋನಿನ ಪೂರ್ತಿ ಬ್ಯಾಕಪ್ ತೆಗೆಯಿರಿ. ಆ ಕಡೆಗೆ ಅದು ಓದಲು ಬಾರದಿದ್ದರೂ, ಏನಾದರೂ ಎಡವಟ್ಟಾದರೆ ಹಿಂದಕ್ಕೆ ಬರಲು ಬೇಕು. ಐಫೋನ್ ಬಿಡುವವರು ಸಿಮ್ ತೆಗೆಯುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಐಮೆಸೇಜ್ ಮತ್ತು ಫೇಸ್‌ಟೈಮ್ ಆಫ್ ಮಾಡಬೇಕು. ಮರೆತರೆ ಐಫೋನ್ ಇರುವವರು ಕಳಿಸಿದ ಮೆಸೇಜ್‌ಗಳು ನಿಮಗೆ ಬಾರದೆ ಆ್ಯಪಲ್ ಕಡೆಯೇ ಉಳಿಯಬಹುದು. ಹಳೆಯ ಫೋನ್ ಕೈಯಲ್ಲಿಲ್ಲದಿದ್ದರೂ ನಂಬರ್ ತೆಗೆಸಲು ಆ್ಯಪಲ್‌ನ ವೆಬ್ ಪುಟವೊಂದಿದೆ.

ಡೇಟಾ ಸಾಗಿಸುವುದನ್ನು ಹೊಸ ಫೋನಿನ ಸೆಟಪ್ ಹೊತ್ತಿನಲ್ಲೇ ಮಾಡಿ. ಪರೀಕ್ಷೆಗೆ ಬಳಸಿದ್ದ ಫೋನನ್ನೇ ಇಟ್ಟುಕೊಳ್ಳುವುದಾದರೆ ಅದನ್ನು ರೀಸೆಟ್ ಮಾಡಿ ಹೊಸದಾಗಿ ಶುರು ಮಾಡಿ. ಇಲ್ಲದಿದ್ದರೆ ವಾಟ್ಸ್‌ಆ್ಯಪ್ ಸಾಗಿಸುವ ಅವಕಾಶ ಕೈತಪ್ಪುತ್ತದೆ. ಐಫೋನಿಗೆ ಹೋಗುವವರಿಗೆ ಮೂವ್ ಟು ಐಓಎಸ್, ಆಂಡ್ರಾಯ್ಡ್‌ಗೆ ಹೋಗುವವರಿಗೆ ಸೆಟಪ್‌ನಲ್ಲೇ ಬರುವ ಕೇಬಲ್ ದಾರಿ, ಸ್ಯಾಮ್‌ಸಂಗ್ ಆದರೆ ಅದರದೇ ಸ್ಮಾರ್ಟ್ ಸ್ವಿಚ್ ಆ್ಯಪ್. ಸಾಗುತ್ತಿರುವಾಗ ಎರಡೂ ಫೋನುಗಳನ್ನು ಮುಟ್ಟದೆ ಬಿಡಿ. ಮಧ್ಯೆ ಬೇರೆ ಆ್ಯಪ್ ತೆರೆದರೆ ಅಥವಾ ಕರೆ ಬಂದರೆ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಮಾಡಬೇಕಾಗಬಹುದು.

ನಂತರ ಓಟಿಪಿ ಕೊಡುವ ಅಥೆಂಟಿಕೇಟರ್ ಆ್ಯಪ್. ಗೂಗಲ್ ಅಥೆಂಟಿಕೇಟರ್‌ನಲ್ಲಿ ಹಳೆಯ ಫೋನಿನ ಕ್ಯೂಆರ್ ಅನ್ನು ಹೊಸದರಿಂದ ಸ್ಕ್ಯಾನ್ ಮಾಡಿ ಎಲ್ಲವನ್ನೂ ಒಮ್ಮೆಗೇ ತರಬಹುದು. ಹೊಸ ಫೋನಿನ ಓಟಿಪಿಯಿಂದ ಒಂದು ಖಾತೆಗೆ ನಿಜವಾಗಿ ಲಾಗಿನ್ ಆಗಿ ನೋಡದೆ ಹಳೆಯದನ್ನು ಅಳಿಸಬೇಡಿ. ಸಿಮ್ ಸಾಗಿಸುವುದು ಇದಾದ ಮೇಲೆ. ಇಸಿಮ್ (ಫೋನಿನೊಳಗೇ ಇರುವ ಡಿಜಿಟಲ್ ಸಿಮ್) ಆದರೆ ಮೊಬೈಲ್ ಕಂಪನಿಯಿಂದ ಹೊಸ ಕ್ಯೂಆರ್ ಬೇಕಾಗಬಹುದು, ಅದನ್ನು ಮೊದಲೇ ವಿಚಾರಿಸಿಡಿ. ಬ್ಯಾಂಕ್ ಆ್ಯಪ್‌ಗಳು ಎಲ್ಲಕ್ಕಿಂತ ಕೊನೆಗೆ, ಸಿಮ್ ಹೊಸ ಫೋನಿನಲ್ಲಿ ಕೂತ ಮೇಲೆ. ಹೊಸ ಫೋನ್ ನೋಂದಾಯಿಸಿದಾಗ ಕೆಲವು ಬ್ಯಾಂಕುಗಳು ಸ್ವಲ್ಪ ಕಾಲ ಹಣ ಕಳಿಸುವ ಮಿತಿ ತಗ್ಗಿಸುತ್ತವೆ. ದೊಡ್ಡ ಮೊತ್ತ ಕಟ್ಟಬೇಕಾದ ದಿನದ ಹಿಂದುಮುಂದು ದಾಟಬೇಡಿ.

ಹಂತ 8: ಹಳೆಯ ಫೋನ್

ಒಂದು ತಿಂಗಳು ಅದನ್ನು ಮಾರಬೇಡಿ. ಬೆಲೆ ಸ್ವಲ್ಪ ಇಳಿದರೂ ಪರವಾಗಿಲ್ಲ. ಮರೆತ ವಾಯ್ಸ್ ರೆಕಾರ್ಡಿಂಗ್, ಯಾವುದೋ ಆ್ಯಪ್‌ನೊಳಗೇ ಉಳಿದ ನೋಟ್ಸ್, ತಿಂಗಳಿಗೊಮ್ಮೆ ಮಾತ್ರ ಬೇಕಾಗುವ ಲಾಗಿನ್, ಇವೆಲ್ಲ ನೆನಪಾಗುವುದು ಆಮೇಲೇ.

ಮಾರುವಾಗ ಬರೀ ರೀಸೆಟ್ ಮಾಡಿದರೆ ಸಾಲದು. ಐಫೋನಿನಲ್ಲಿ ಫೈಂಡ್ ಮೈ ಆಫ್ ಮಾಡಿ, ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗಿ, ಆಮೇಲೆ ಅಳಿಸಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಖಾತೆಯನ್ನು ತೆಗೆದು, ಆಮೇಲೆ ರೀಸೆಟ್ ಮಾಡಿ. ಸ್ಯಾಮ್‌ಸಂಗ್ ಆದರೆ ಸ್ಯಾಮ್‌ಸಂಗ್ ಖಾತೆಯನ್ನೂ ತೆಗೆಯಿರಿ. ಕಳ್ಳರಿಗೆ ಉಪಯೋಗವಾಗದಿರಲಿ ಅಂತ ಇಟ್ಟ ಬೀಗಗಳು ಇವು, ಖಾತೆ ತೆಗೆಯದಿದ್ದರೆ ಕೊಂಡವರನ್ನೂ ಒಳಗೆ ಬಿಡುವುದಿಲ್ಲ. ರೀಸೆಟ್ ಆದ ಮೇಲೆ ಫೋನನ್ನು ಒಮ್ಮೆ ಆನ್ ಮಾಡಿ, ವೈಫೈಗೆ ಜೋಡಿಸಿ, ಎರಡು ಮೂರು ಹೆಜ್ಜೆ ಮುಂದೆ ಹೋಗಿ ನೋಡಿ. ನಿಮ್ಮ ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿದರೆ ಬೀಗ ಇನ್ನೂ ಹಾಗೇ ಇದೆ. ಪಾಸ್‌ವರ್ಡ್ ಕೊಟ್ಟು ಒಳಹೋಗಿ, ಖಾತೆ ತೆಗೆದು, ಇನ್ನೊಮ್ಮೆ ರೀಸೆಟ್ ಮಾಡಿ ಕೊಡಿ.